ಹಡಗಿನ ನಕಲಿಗೊಬ್ಬ ಪಾದ್ರಿ

ದೊಡ್ಡಬಳ್ಳಾಪುರದ ಹತ್ತಿರದ ರಾಜಘಟ್ಟದಲ್ಲಿ ಊರವರು ಬೂದಿಗುಂಡಿ ಎನ್ನುವ ಜಾಗವೊಂದಿದೆ. ಅಲ್ಲಿನ ಮಣ್ಣು ಹೊಲಕ್ಕೆ ಒಳ್ಳೆಯದೆಂದು ರೈತರು ತುಂಬಿಕೊಂಡು ಹೋಗುತ್ತಿದ್ದರು. 2001ರಿಂದೀಚೆಗೆ ಮೈಸೂರು ವಿಶ್ವವಿದ್ಯಾಲಯದ ಪ್ರೊ. ಎಂ.ಎಸ್. ಕೃಷ್ಣಮೂರ್ತಿ ಅವರ ತಂಡ ಅಗೆದು ನೋಡಿದಾಗ ಇಟ್ಟಿಗೆಯ ಬೌದ್ಧ ಚೈತ್ಯ, ಭಿಕ್ಷುಗಳು ತಂಗುತ್ತಿದ್ದ ವಿಹಾರದ ತಳಪಾಯ ಹೊರಬಂದವು. ಅವೆರಡಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವುದು ಅಲ್ಲಿ ಸಿಕ್ಕ ಮಣ್ಣಿನ ಪುಟಾಣಿ ಸ್ತೂಪಗಳು. ದೊಡ್ಡ ಸ್ತೂಪದ ಈ ಚಿಕ್ಕ ನಕಲುಗಳ ಹೊಟ್ಟೆಯೊಳಗೆ ಅಕ್ಷರ ಒತ್ತಿದ ಮಣ್ಣಿನ ಬಿಲ್ಲೆಗಳಿದ್ದವು. ಕ್ರಿ.ಶ. 671ರಲ್ಲಿ ಚೀನಾದಿಂದ ಹಡಗು ಹತ್ತಿ ಹೊರಟ ಯಾತ್ರಿಕ ಇತ್ಸಿಂಗ್ ಇದೇ ಪದ್ಧತಿಯನ್ನು ದಾಖಲಿಸಿದ್ದಾನೆ. ಭಾರತದಲ್ಲಿ ಭಿಕ್ಷುಗಳೂ ಗೃಹಸ್ಥರೂ ಮಣ್ಣಿನ ಚೈತ್ಯ ಮಾಡಿ ಅದರೊಳಗೆ ಬುದ್ಧನ ಬೋಧೆಯ ಶ್ಲೋಕ ಇಡುತ್ತಾರೆ ಎಂದು.

ಅಂದರೆ ನಕಲಿನ ಆಕಾರ ಹೆಚ್ಚುಕಡಿಮೆಯಾದರೂ ನಡೆಯುತ್ತದೆ, ಒಳಗಿರಬೇಕಾದದ್ದು ಇರಬೇಕು ಎಂಬ ಲೆಕ್ಕ. ಈ ಲೆಕ್ಕವನ್ನು ನಮ್ಮ ಕಾಲದ ಒಂದು ದೊಡ್ಡ ನಕಲಿಗೆ ಹಚ್ಚಿ ನೋಡಬಹುದು. ಟೈಟಾನಿಕ್ ಹಡಗನ್ನು ಮತ್ತೆ ಕಟ್ಟಿದರೆ ಅದರಲ್ಲಿ ಪಾದ್ರಿ ಇರಬೇಕೆ? ಇದ್ದರೆ ಅವರ ಕೆಲಸ ಯಾವ ಅಂತಸ್ತಿನಲ್ಲಿ?

ಟೈಟಾನಿಕ್‌ನ ನಕಲುಗಳಿಗೇನೂ ಕೊರತೆಯಿಲ್ಲ. ಅತಿ ಹೆಚ್ಚು ಜನ ನೋಡಿದ್ದು ಜೇಮ್ಸ್ ಕ್ಯಾಮೆರಾನ್ 1997ರ ಸಿನಿಮಾಕ್ಕಾಗಿ ಮೆಕ್ಸಿಕೊದ ರೊಸಾರಿಟೊ ಕಡಲತೀರದಲ್ಲಿ ಕಟ್ಟಿಸಿದ್ದು. ಹೆಚ್ಚುಕಡಿಮೆ ಅಸಲಿ ಹಡಗಿನ ಅಳತೆಯೇ. ಆದರೆ ಪೂರ್ತಿ ಮಾಡಿದ್ದು ಬಲಮಗ್ಗುಲು ಮಾತ್ರ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಅಸಲಿ ಹಡಗು ದಕ್ಕೆಗೆ ಆತುಕೊಂಡಿದ್ದದ್ದು ಎಡಮಗ್ಗುಲಿಂದ. ಹಾಗಾಗಿ ಬೀಳ್ಕೊಡುಗೆಯ ದೃಶ್ಯಕ್ಕೆ ಫಲಕಗಳ ಅಕ್ಷರಗಳನ್ನೆಲ್ಲ ತಿರುಗುಮುರುಗಾಗಿ ಬರೆಸಿ, ಚಿತ್ರೀಕರಿಸಿದ ಮೇಲೆ ಇಡೀ ದೃಶ್ಯವನ್ನೇ ಕನ್ನಡಿಯಲ್ಲಿ ಕಂಡಂತೆ ಮಗುಚಿದರು. ಈ ಅರ್ಧ ಹಡಗಿನಲ್ಲಿ ಒಬ್ಬ ಪಾದ್ರಿಯಿದ್ದರು. ಹಿಂಭಾಗ ಮೇಲೇಳುತ್ತಿರುವಾಗ ಒಂದು ಕೈಯಲ್ಲಿ ಆಸರೆ ಹಿಡಿದು, ಇನ್ನೊಂದು ಕೈಯನ್ನು ಜನ ಬಿಗಿಯಾಗಿ ಹಿಡಿದುಕೊಂಡಿರಲು, ಪ್ರಾರ್ಥನೆ ಹೇಳುತ್ತಲೇ ಇರುವ ಪಾತ್ರ ಅದು. ಜೇಮ್ಸ್ ಲ್ಯಾಂಕಾಸ್ಟರ್ ಎಂಬ ನಟ ಮಾಡಿದ್ದು. ತೆರೆಯ ಮೇಲೆ ನಿಮಿಷವೂ ಸರಿಯಾಗಿ ಇರುವುದಿಲ್ಲ. ಆದರೆ ಪಾತ್ರ ಕಲ್ಪನೆಯದಲ್ಲ.

ಅವರು ಫಾದರ್ ಥಾಮಸ್ ಬೈಲ್ಸ್. 1870ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹುಟ್ಟಿದವರು. ತಂದೆ ಪ್ರೊಟೆಸ್ಟೆಂಟ್ ಸಭಾಪಾಲಕರು. ಮಗ ಆಕ್ಸ್‌ಫರ್ಡ್‌ನಲ್ಲಿ ಓದುತ್ತ ಕ್ಯಾಥೊಲಿಕ್ ಆದರು. 1902ರಲ್ಲಿ ರೋಮ್‌ನಲ್ಲಿ ಗುರುದೀಕ್ಷೆ. 1905ರಿಂದ ಎಸೆಕ್ಸ್ ಸೀಮೆಯ ಆಂಗರ್ ಎಂಬ ಸಣ್ಣ ಊರಿನ ಸಂತ ಹೆಲೆನಾ ಚರ್ಚಿನಲ್ಲಿ ಸೇವೆ. 1912ರಲ್ಲಿ ನ್ಯೂಯಾರ್ಕಿನಲ್ಲಿದ್ದ ತಮ್ಮ ವಿಲಿಯಂನ ಮದುವೆ ಗೊತ್ತಾಯಿತು. ಅಣ್ಣನೇ ಬಂದು ಮದುವೆ ನಡೆಸಿಕೊಡಬೇಕೆಂದು ಕರೆ ಬಂತು. ಎರಡನೇ ದರ್ಜೆಯ ಟಿಕೆಟ್ ಹದಿಮೂರು ಪೌಂಡ್.

ಏಪ್ರಿಲ್ 10ರಂದು ಹಡಗು ಹತ್ತಿದ ದಿನವೇ ಅವರು ಊರಿನಲ್ಲಿ ಮನೆ ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಕಾಗದ ಬರೆದರು. ಎಲ್ಲವೂ ಸುಗಮವಾಗಿದೆ, ಛತ್ರಿಯೊಂದು ಕಳೆದುಹೋಯಿತು ಎಂಬುದು ಅದರ ಮುಖ್ಯ ಸಮಾಚಾರ. ರೈಲಿನಿಂದ ಇಳಿಯುವಾಗ ಗೊತ್ತಾಯಿತಂತೆ, ಬಹುಶಃ ಲಂಡನ್ನಿನ ಸ್ಟೇಷನ್ನಿನಲ್ಲೇ ಬಿಟ್ಟಿರಬೇಕಂತೆ. ಮೇಲಿನ ಅಂತಸ್ತಿನಿಂದ ನೀರು ನೋಡಿದರೆ ಎತ್ತರದ ಕಟ್ಟಡದ ಮಾಳಿಗೆಯಿಂದ ನೋಡಿದ ಹಾಗಿದೆ, ಹಡಗಿನ ಅದುರು ಅಷ್ಟು ಹಿಡಿಸಲಿಲ್ಲ, ಹಡಗಿನಲ್ಲಿ ಇನ್ನೂ ಇಬ್ಬರು ಪಾದ್ರಿಗಳಿದ್ದಾರೆ ಎಂದೂ ಬರೆದರು. ಇನ್ನೈದು ದಿನದಲ್ಲಿ ಸಾಯಲಿರುವವರ ಕಾಗದವೆಂದು ಓದಿದರೆ ಆ ಛತ್ರಿಯ ಸಂಗತಿ ಮರೆಯುವುದು ಕಷ್ಟ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಬೈಲ್ಸ್ ಟೈಟಾನಿಕ್‌ನ ಪಾದ್ರಿ ಆಗಿರಲಿಲ್ಲ. ಆ ಹಡಗಿಗೆ ನೇಮಕಗೊಂಡ ಪಾದ್ರಿಯೇ ಇರಲಿಲ್ಲ. ಟರ್ಕಿಷ್ ಸ್ನಾನದ ಮನೆ, ಈಜುಕೊಳ, ಎಂಟು ಮಂದಿಯ ವಾದ್ಯವೃಂದ ಎಲ್ಲ ಇದ್ದವು; ಭಾನುವಾರದ ಪ್ರಾರ್ಥನೆ ಮಾತ್ರ ಕಪ್ತಾನನ ಕೆಲಸ. ಏಪ್ರಿಲ್ 14ರ ಬೆಳಗ್ಗೆ ಕಪ್ತಾನ ಸ್ಮಿತ್ ಮೊದಲ ದರ್ಜೆಯ ಊಟದ ಮನೆಯಲ್ಲಿ ಅದನ್ನು ನಡೆಸಿದ. ಉಳಿದದ್ದರಲ್ಲಿ ಬಹುಪಾಲು ಟಿಕೆಟ್ ಕೊಂಡು ಬಂದ ಪಾದ್ರಿಗಳ ಸ್ವಂತ ದುಡಿಮೆ. ಬೈಲ್ಸ್ ಅಂದು ಎರಡನೇ ದರ್ಜೆಯವರಿಗೆ ಬಲಿಪೂಜೆ ಅರ್ಪಿಸಿ, ಬಳಿಕ ಮೂರನೇ ದರ್ಜೆಗೆ ಹೋಗಿ ಅಲ್ಲಿಯೂ ಅರ್ಪಿಸಿದರು. ಅಲ್ಲಿ ಇಂಗ್ಲಿಷ್, ಫ್ರೆಂಚ್ ಬಲ್ಲವರಿಗೆ ಅವರದೇ ಪ್ರಬೋಧನೆ. ಜರ್ಮನ್, ಹಂಗೇರಿಯನ್ ಆಡುವವರಿಗೆ ಬವೇರಿಯಾದ ಬೆನೆಡಿಕ್ಟೈನ್ ಗುರು ಜೋಸೆಫ್ ಪೆರುಶಿಟ್ಸ್ ಅವರದು. ಮೂರನೆಯವರು ಲಿಥುವೇನಿಯದ ಯುವಕ ಯುವೋಜಸ್ ಮಾಂಟ್ವಿಲಾ. ರಷ್ಯದ ಝಾರ್ ಸರ್ಕಾರ ಪೂಜೆಗೆ ಅಡ್ಡಿ ಮಾಡಿದ್ದರಿಂದ ಅಮೆರಿಕಕ್ಕೆ ಹೊರಟವರು.

ಸಂಜೆ ಎರಡನೇ ದರ್ಜೆಯ ಊಟದ ಮನೆಯಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನ ಆಂಗ್ಲಿಕನ್ ಪಾದ್ರಿ ಅರ್ನೆಸ್ಟ್ ಕಾರ್ಟರ್ ಭಕ್ತಿಗೀತೆಗಳ ಕೂಟ ನಡೆಸಿದರು. ಸುಮಾರು ನೂರು ಜನ ಸೇರಿದ್ದರು, ಯಾರಿಗೆ ಯಾವ ಹಾಡು ಬೇಕೋ ಅದನ್ನೇ ಹಾಡಿದರು ಎಂದು ಬದುಕಿ ಬಂದ ಶಾಲಾ ಮೇಷ್ಟ್ರು ಲಾರೆನ್ಸ್ ಬೀಸ್ಲಿ ಅದೇ ವರ್ಷ ಪುಸ್ತಕದಲ್ಲಿ ಬರೆದರು. ಹಾಡು ಮುಗಿದಾಗ ಹತ್ತರ ಸುಮಾರು. ಹಿಮಗಡ್ಡೆ ತಾಗಿದ್ದು 11.40ಕ್ಕೆ.

ಆಮೇಲಿನದ್ದು ಬದುಕುಳಿದವರ ಬಾಯಿಂದ ಬಂದದ್ದು. ಬೈಲ್ಸ್ ಮೂರನೇ ದರ್ಜೆಯ ಹೆಂಗಸರು ಮಕ್ಕಳನ್ನು ಮೇಲೆ ಕರೆತಂದು ಲೈಫ್‌ಬೋಟ್‌ಗೆ ಹತ್ತಿಸಿದರು. ತಮಗೆ ಜಾಗ ಕೊಟ್ಟಾಗ ಒಲ್ಲೆ ಎಂದರು. ಪಾಪನಿವೇದನೆ ಕೇಳಿದರು, ಕ್ಷಮೆ ಕೊಟ್ಟರು, ಕೊನೆಗೆ ಹಿಂಭಾಗದಲ್ಲಿ ಸೇರಿದ ಗುಂಪಿಗೆ ಜಪಸರ ಹೇಳಿಸಿದರು. ಮೊಣಕಾಲೂರಿದವರಲ್ಲಿ ಕ್ಯಾಥೊಲಿಕರಲ್ಲದವರೂ ಇದ್ದರಂತೆ. ಬೈಲ್ಸ್ ಅವರ ಶವ ಸಿಗಲಿಲ್ಲ. ಕಾರ್ಟರ್ ದಂಪತಿ, ಉಳಿದಿಬ್ಬರು ಕ್ಯಾಥೊಲಿಕ್ ಗುರುಗಳು, ಷಿಕಾಗೋದ ಮೂಡಿ ಚರ್ಚಿಗೆ ಹೊರಟಿದ್ದ ಪಾಸ್ಟರ್ ಜಾನ್ ಹಾರ್ಪರ್, ಯಾರೂ ಉಳಿಯಲಿಲ್ಲ. ಹಾರ್ಪರ್ ಅವರ ಆರು ವರ್ಷದ ಮಗಳು ಉಳಿದಳು. ವಿಲಿಯಂ ಬೈಲ್ಸ್‌ನ ಮದುವೆ ನಿಲ್ಲಲಿಲ್ಲ. ಬೇರೊಬ್ಬ ಗುರು ನಡೆಸಿಕೊಟ್ಟರು. ವಧೂವರರು ಮನೆಗೆ ಹೋಗಿ ಶೋಕದ ಬಟ್ಟೆ ತೊಟ್ಟು ಅಣ್ಣನ ಹೆಸರಿನ ಬಲಿಪೂಜೆಗೆ ಮರಳಿ ಬಂದರೆಂದು ಅಂದಿನ ಪತ್ರಿಕೆಗಳು ಬರೆದವು.

ಅದೃಷ್ಟ ನೆಟ್ಟಗಿದ್ದದ್ದು ಐರ್ಲೆಂಡಿನ ಫ್ರಾನ್ಸಿಸ್ ಬ್ರೌನ್‌ಗೆ. ಇನ್ನೂ ಗುರುದೀಕ್ಷೆಯಾಗದ ಜೆಸ್ವಿತ ವಿದ್ಯಾರ್ಥಿ. ಬಿಷಪ್ ಆಗಿದ್ದ ಚಿಕ್ಕಪ್ಪ ಕೊಡಿಸಿದ ಟಿಕೆಟ್ಟಿನಲ್ಲಿ ಐರ್ಲೆಂಡಿನ ಕ್ವೀನ್ಸ್‌ಟೌನ್ ಬಂದರಿನವರೆಗೆ ಮಾತ್ರ ಬಂದಿದ್ದರು. ಅಮೆರಿಕದ ಶ್ರೀಮಂತ ದಂಪತಿ ತಮ್ಮ ಖರ್ಚಿನಲ್ಲಿ ನ್ಯೂಯಾರ್ಕ್‌ವರೆಗೆ ಕರೆದೊಯ್ಯುವುದಾಗಿ ಹೇಳಿದಾಗ ಮಠದ ಹಿರಿಯರಿಗೆ ತಂತಿ ಕಳಿಸಿದರು. ಹಡಗಿನಿಂದ ಇಳಿ ಎಂದು ಗದರಿಸಿದಂಥ ಉತ್ತರ ಬಂತು. ಇಳಿದರು. ಟೈಟಾನಿಕ್‌ನ ಒಳಗಿನ ಬದುಕಿನ ಚಿತ್ರಗಳೆಂದು ಇಂದು ಎಲ್ಲೆಡೆ ಕಾಣುವವುಗಳಲ್ಲಿ ಬಹುಪಾಲು ಅವರ ಕ್ಯಾಮೆರಾದವು.

ಭಾರತದ ನಂಟೂ ಇದೆ. ಇಂದಿನ ಛತ್ತೀಸಗಡದ ಜಾಂಜಗೀರ್‌ನಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದ ಮೆನೊನೈಟ್ ಮಿಷನರಿ ಆ್ಯನಿ ಫಂಕ್, ತಾಯಿಗೆ ಕಾಯಿಲೆ ಎಂದು ತಂತಿ ಬಂದದ್ದರಿಂದ ಮುಂಬೈಯಲ್ಲಿ ಹಡಗು ಹತ್ತಿದರು. ಇಂಗ್ಲೆಂಡಿನಲ್ಲಿ ಕಲ್ಲಿದ್ದಲು ಕಾರ್ಮಿಕರ ಮುಷ್ಕರ. ಕಾದಿರಿಸಿದ್ದ ಹಡಗು ಹೊರಡುವುದಿಲ್ಲವೆಂದಾಗ ಹೆಚ್ಚಿನ ದುಡ್ಡು ಕೊಟ್ಟು ಟೈಟಾನಿಕ್ ಹಿಡಿದರು. ಏಪ್ರಿಲ್ 12ಕ್ಕೆ ಹಡಗಿನಲ್ಲೇ 38 ತುಂಬಿತು. ಮೂರನೇ ದಿನ ಮುಳುಗಿದರು. ಗುಂಟೂರಿನ ಲೂಥರನ್ ಮಿಷನರಿ ಬೆಕರ್ ಅವರ ಹೆಂಡತಿ, ಮೂವರು ಮಕ್ಕಳು ಕಾಯಿಲೆಯ ಕೂಸಿನ ಚಿಕಿತ್ಸೆಗೆಂದು ಹೊರಟಿದ್ದರು. ತಾಯಿಯೂ ಚಿಕ್ಕವರಿಬ್ಬರೂ ಒಂದು ದೋಣಿಯಲ್ಲಿ, ಹನ್ನೆರಡರ ರೂತ್ ಇನ್ನೊಂದರಲ್ಲಿ. ನಾಲ್ವರೂ ಬದುಕಿದರು.

ಹಡಗಿನವರಿಗೆ ಸನ್ಯಾಸಿ, ಪಾದ್ರಿಗಳೆಂದರೆ ಹಿಂದಿನಿಂದಲೂ ಅಷ್ಟಕ್ಕಷ್ಟೆ. ಐದನೇ ಶತಮಾನದ ಆರಂಭದಲ್ಲಿ ಸಿಂಹಳದಿಂದ ಚೀನಾಕ್ಕೆ ಮರಳುತ್ತಿದ್ದ ಬೌದ್ಧ ಭಿಕ್ಷು ಫಾಹಿಯಾನ್ ಬಿರುಗಾಳಿಗೆ ಸಿಕ್ಕಿದ. ವ್ಯಾಪಾರಿಗಳು ಸರಕನ್ನು ನೀರಿಗೆ ಎಸೆಯತೊಡಗಿದಾಗ, ತನ್ನ ಗ್ರಂಥ, ಮೂರ್ತಿಗಳನ್ನೂ ಎಸೆದಾರು ಎಂದು ಹೆದರಿ ತಾನೂ ಗಿಂಡಿ, ಬೋಗುಣಿ ಎಸೆದ. ಜಾವಾದಲ್ಲಿ ಹತ್ತಿದ ಎರಡನೇ ಹಡಗಿನಲ್ಲೂ ಬಿರುಗಾಳಿ. ಈ ಶ್ರಮಣನನ್ನು ಹತ್ತಿಸಿಕೊಂಡದ್ದರಿಂದಲೇ ಕೇಡು ಬಂತು, ಯಾವುದಾದರೂ ದ್ವೀಪದಲ್ಲಿ ಇಳಿಸಿಬಿಡೋಣ ಎಂದು ಸಹಪ್ರಯಾಣಿಕ ಬ್ರಾಹ್ಮಣರು ಮಾತಾಡಿಕೊಂಡರು. ಒಬ್ಬ ದಾನಿ ಅಡ್ಡ ನಿಂತು, ದೊರೆಗೆ ದೂರು ಕೊಡುತ್ತೇನೆಂದು ಹೆದರಿಸಿದ್ದರಿಂದ ಆತ ಉಳಿದ.

ಪಾದ್ರಿಯೇ ಹಡಗನ್ನು ಹುಡುಕಿಕೊಂಡು ಹೋಗುವ ವ್ಯವಸ್ಥೆ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. 1835ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಕಡಲ ದಂಡೆಯಲ್ಲಿ ನಿಂತಿದ್ದ ಪಾದ್ರಿ ಜಾನ್ ಆ್ಯಶ್ಲಿಗೆ, ಎದುರಿನ ದ್ವೀಪದವರು ಚರ್ಚಿಗೆ ಹೇಗೆ ಹೋಗುತ್ತಾರೆ ಎಂದು ಮಗ ಕೇಳಿದನಂತೆ. ಉತ್ತರ ಹುಡುಕಲು ಹೋದ ಆ್ಯಶ್ಲಿ, ಗಾಳಿಗಾಗಿ ಕಾದು ಲಂಗರು ಹಾಕಿದ್ದ ನೂರಾರು ಹಡಗುಗಳ ಕಡೆ ತಿರುಗಿದರು. ಆ ಕೆಲಸ 1856ರಲ್ಲಿ ಆಂಗ್ಲಿಕನ್ನರ, ಇಂದು ‘ಮಿಷನ್ ಟು ಸೀಫೇರರ್ಸ್’ ಎನ್ನುವ ಸಂಸ್ಥೆಯಾಯಿತು. ಕ್ಯಾಥೊಲಿಕರ ‘ಸ್ಟೆಲ್ಲಾ ಮಾರಿಸ್’ 1920ರಲ್ಲಿ ಗ್ಲಾಸ್ಗೋದಲ್ಲಿ ಶುರುವಾಯಿತು. ಎರಡೂ ಇಂದು ಹತ್ತಾರು ದೇಶಗಳ ಬಂದರುಗಳಲ್ಲಿವೆ.

ಇವರ ದಿನಚರಿಯಲ್ಲಿ ಪ್ರಾರ್ಥನೆಗಿಂತ ಓಡಾಟ ಹೆಚ್ಚು. ಹಡಗು ದಕ್ಕೆಗೆ ಬಂದೊಡನೆ ಏಣಿ ಹತ್ತಿ ಹೋಗುವುದು, ಮನೆಗೆ ಫೋನ್ ಮಾಡಲು ಸಿಮ್ ಕಾರ್ಡ್ ಕೊಡುವುದು, ಹುಡುಗರನ್ನು ವ್ಯಾನಿನಲ್ಲಿ ಅಂಗಡಿಗೆ ಕರೆದೊಯ್ಯುವುದು, ಆಸ್ಪತ್ರೆ ಸೇರಿದವನ ಪಕ್ಕ ಕೂರುವುದು, ಸಂಬಳ ಕೊಡದೆ ಮಾಲೀಕ ಕೈಬಿಟ್ಟ ಹಡಗಿನವರ ಪರವಾಗಿ ಅಧಿಕಾರಿಗಳಿಗೆ ಬರೆಯುವುದು. ನಾವಿಕ ಹಿಂದೂವೋ ಮುಸ್ಲಿಮನೋ ಎಂದು ನೋಡುವುದಿಲ್ಲ. ವಿಹಾರದ ಹಡಗುಗಳದ್ದು ಇನ್ನೊಂದು ಬಗೆ. ಅಮೆರಿಕದಲ್ಲಿ ಸ್ಟೆಲ್ಲಾ ಮಾರಿಸ್‌ನವರೇ ಅವಕ್ಕೆ ಗುರುಗಳನ್ನು ಕಳಿಸುವ ಏರ್ಪಾಡು ಮಾಡಿದ್ದಾರೆ. ಹಾಲೆಂಡ್ ಅಮೆರಿಕ ಕಂಪನಿಯ ಹಡಗುಗಳಲ್ಲಿ ಬಹುಕಾಲ ಒಬ್ಬ ಗುರು ಇರುವುದೇ ರೂಢಿಯಾಗಿತ್ತು. ಪ್ರಯಾಣಿಕರ ಪೂಜೆ ಹಗಲು. ಸಿಬ್ಬಂದಿಯದ್ದು ಕೊನೆಯ ಪಾಳಿಯ ಪಾತ್ರೆ ತೊಳೆದಾದ ಮೇಲೆ, ನಡುರಾತ್ರಿಯ ಹೊತ್ತಿಗೆ. ಫಿಲಿಪ್ಪೀನ್ಸ್, ಗೋವಾ ಕಡೆಯ ಹುಡುಗರು ನಿದ್ದೆಗಣ್ಣಲ್ಲೇ ಬಂದು ಕೂರುವ ಪೂಜೆ ಅದು. ಗುರುಗಳ ನಿಜವಾದ ಕೆಲಸ ಅಲ್ಲಿರುತ್ತದೆ.

ಇನ್ನು ನಕಲುಗಳ ಇಂದಿನ ಸ್ಥಿತಿ. ಅಮೆರಿಕದ ಬ್ರಾನ್ಸನ್ ಮತ್ತು ಪಿಜನ್ ಫೋರ್ಜ್ ಎಂಬ ಪ್ರವಾಸಿ ಊರುಗಳಲ್ಲಿ ಹಡಗಿನ ಮುಂಭಾಗದ ಆಕಾರದ ಎರಡು ಮ್ಯೂಸಿಯಂಗಳಿವೆ. ಒಳಗೆ ಮಹಾ ಮೆಟ್ಟಿಲಿನ ನಕಲೂ ಇದೆ, ಬಯಸಿದವರಿಗೆ ಅದರ ಮೇಲೆ ಮದುವೆಯೂ ಆಗುತ್ತದೆ. ತಮ್ಮನ ಮದುವೆಗೆ ಹೊರಟು ತಲುಪದೆ ಹೋದವರ ಹಡಗು ಅದೆಂದು ಮೆಟ್ಟಿಲ ಮೇಲೆ ನಿಂತವರಿಗೆ ಯಾರಾದರೂ ಹೇಳುತ್ತಾರೋ ಇಲ್ಲವೋ. ಚೀನಾದ ಸಿಚುವಾನ್‌ನಲ್ಲಿ, ಕಡಲಿನಿಂದ ಸಾವಿರ ಕಿಲೋಮೀಟರಿಗೂ ದೂರದ ನದಿಯೊಂದರಲ್ಲಿ, ಪೂರ್ಣ ಅಳತೆಯದೊಂದನ್ನು 2016ರಲ್ಲಿ ಶುರುಮಾಡಿದರು. ಆಸ್ಟ್ರೇಲಿಯದ ಉದ್ಯಮಿ ಕ್ಲೈವ್ ಪಾಮರ್ ‘ಟೈಟಾನಿಕ್ 2’ ಕಟ್ಟುವುದಾಗಿ 2012ರಲ್ಲಿ ಹೇಳಿದರು, 2018ರಲ್ಲಿ ಮತ್ತೆ ಹೇಳಿದರು, 2024ರ ಮಾರ್ಚ್‌ನಲ್ಲಿ ಸಿಡ್ನಿಯಲ್ಲಿ ಪತ್ರಕರ್ತರನ್ನು ಕರೆದು ಇನ್ನೊಮ್ಮೆ ಹೇಳಿದರು.

ಅಸಲಿನ ಪ್ರಕಾರವೇ ಕಟ್ಟುವುದಾದರೆ ‘ಟೈಟಾನಿಕ್ 2’ರಲ್ಲಿ ಪಾದ್ರಿಯ ಹುದ್ದೆ ಇರಬಾರದು. 1912ರಲ್ಲಿ ಇರಲಿಲ್ಲವಲ್ಲ. ಆದರೆ ಲೈಫ್‌ಬೋಟ್‌ಗಳ ವಿಷಯದಲ್ಲಿ ಅಸಲನ್ನು ಅನುಸರಿಸುವುದಿಲ್ಲವೆಂದು ಯೋಜನೆಯವರು ಮೊದಲೇ ಒಪ್ಪಿದ್ದಾರೆ. ಅಂದಿನ ಇಪ್ಪತ್ತು ದೋಣಿಗಳಿಗೆ ಇಂದಿನ ಕಾನೂನು ಬಿಡುವುದಿಲ್ಲ. ಅದೇ ರಿಯಾಯಿತಿಯಲ್ಲಿ ಒಬ್ಬ ಗುರುವನ್ನೂ ಸೇರಿಸಿಕೊಳ್ಳಲಿ. ಕೋಣೆಯನ್ನು ಮಹಾ ಮೆಟ್ಟಿಲಿನ ಪಕ್ಕದಲ್ಲಿ ಕೊಡದೆ, ಅಡುಗೆಯವರು, ಎಂಜಿನ್ನಿನವರು ಮಲಗುವ ಕೆಳಗಿನ ಅಂತಸ್ತಿನಲ್ಲಿ ಕೊಡಲಿ.