ಬೋಲ್ಟ್ಸ್‌ಮನ್‌ನ ಸಾವು ಮತ್ತು ಬಚ್ಚಿಟ್ಟ ನೋವು

ವಿಯೆನ್ನಾದ ಕೇಂದ್ರ ಸ್ಮಶಾನದಲ್ಲಿರುವ ಲುಡ್ವಿಗ್ ಬೋಲ್ಟ್ಸ್‌ಮನ್‌ನ ಸಮಾಧಿಯ ಮೇಲೆ ಒಂದು ಸಮೀಕರಣವನ್ನು ಕೆತ್ತಲಾಗಿದೆ. ಎಂಟ್ರೊಪಿಗೂ ಅಣುಗಳು ಇರಬಹುದಾದ ವಿನ್ಯಾಸಗಳ ಸಂಖ್ಯೆಗೂ ಇರುವ ಸಂಬಂಧವನ್ನು ಅದು ತಿಳಿಸುತ್ತದೆ. ಭೌತವಿಜ್ಞಾನದ ವಿದ್ಯಾರ್ಥಿಗಳಾಗಿದ್ದರೆ ನೀವು ಇದರ ಜೊತೆಗೆ ಒಂದು ಕಥೆಯನ್ನೂ ಕೇಳಿರುತ್ತೀರಿ. ಪರಮಾಣುಗಳ ಅಸ್ತಿತ್ವವನ್ನು ಮಾಖ್, ಓಸ್ಟ್‌ವಾಲ್ಡ್ ಮೊದಲಾದವರು ಒಪ್ಪಲಿಲ್ಲವೆಂದು ಮನನೊಂದು ಆತ 1906ರ ಸೆಪ್ಟೆಂಬರ್ 5ರಂದು ಆತ್ಮಹತ್ಯೆ ಮಾಡಿಕೊಂಡ ಎಂಬ ಕಥೆ. ತರಗತಿಯಲ್ಲಿ ನಾನೂ ಹಲವು ವರ್ಷ ಹೀಗೆಯೇ ಹೇಳಿದ್ದೇನೆ. ಅದು ಸರಿಯಲ್ಲ.

ಮಾಖ್ 1901ರಲ್ಲೇ ಅಧ್ಯಾಪನದಿಂದ ನಿವೃತ್ತನಾಗಿದ್ದ. ಓಸ್ಟ್‌ವಾಲ್ಡ್ ವಾದದಲ್ಲಿ ಎದುರಾಳಿ, ಆದರೆ ಸ್ನೇಹಿತ. ಬೋಲ್ಟ್ಸ್‌ಮನ್‌ನನ್ನು ಬಹುಕಾಲ ಕಾಡಿದ್ದು ಮನಸ್ಸಿನ ಏರಿಳಿತ. ಉತ್ಸಾಹ ಉಕ್ಕುವ ದಿನಗಳ ಬೆನ್ನಿಗೇ ತೀವ್ರ ಖಿನ್ನತೆ. 1888ರಲ್ಲಿ ಬರ್ಲಿನ್ನಿನ ಪ್ರಾಧ್ಯಾಪಕ ಹುದ್ದೆಯನ್ನು ಒಪ್ಪಿಕೊಂಡು ಆಮೇಲೆ ಹಿಂದೆ ಸರಿದಾಗ ಆತ ಕೊಟ್ಟ ಕಾರಣಗಳಲ್ಲಿ ಕಣ್ಣಿನ ದೌರ್ಬಲ್ಯವೂ ಒಂದು. ಅದು ಸುಳ್ಳಲ್ಲ. ಆದರೂ ಕಣ್ಣು ಮಂಜಾಗಿದೆ ಎಂದು ಹೇಳುವಷ್ಟು ಸುಲಭವಾಗಿ ಮನಸ್ಸು ಕುಸಿದಿದೆ ಎಂದು ಹೇಳಲಾಗುವುದಿಲ್ಲ, ಅಲ್ಲವೇ?

ಸಾಯುವ ಯೋಚನೆಯೊಂದಿಗೆ ದಿನ ದೂಡುತ್ತಿರುವವರು ನಿಮ್ಮಲ್ಲಿಯೂ ಇರಬಹುದು. ಮನೆಯಲ್ಲಿ ತಿಳಿದರೆ? ಹಾಸ್ಟೆಲಿನಲ್ಲಿ ಸುದ್ದಿಯಾದರೆ? ನಾಳೆ ಸಂಬಂಧ ನೋಡಲು ಬಂದವರು ಕೇಳಿದರೆ? ಎಷ್ಟೋ ಜನರಿಗೆ ಆ ಯೋಚನೆಗಿಂತ ಈ ಭಯವೇ ದೊಡ್ಡದು. ನಗುತ್ತಲೇ ಪಾಠ ಕೇಳುತ್ತಾರೆ, ಪರೀಕ್ಷೆ ಬರೆಯುತ್ತಾರೆ. ಪಕ್ಕದಲ್ಲಿ ಕುಳಿತವನಿಗೂ ಗೊತ್ತಾಗುವುದಿಲ್ಲ.

ಇಂತಹ ಯೋಚನೆಯ ತೀವ್ರತೆ ಸ್ಥಿರಾಂಕವಲ್ಲ. ಅದು ಏರುತ್ತದೆ, ಇಳಿಯುತ್ತದೆ. ಅತ್ಯಂತ ಅಪಾಯದ ಘಟ್ಟ ಎಷ್ಟೋ ವೇಳೆ ಕೆಲವು ಗಂಟೆಗಳದ್ದು, ಕೆಲವೊಮ್ಮೆ ನಿಮಿಷಗಳದ್ದು. ಆ ಹೊತ್ತಿನಲ್ಲಿ ಜೊತೆಗೆ ಒಬ್ಬರಿದ್ದರೆ ಅದು ದಾಟಿಹೋಗುವ ಸಂಭವ ಹೆಚ್ಚು. ಯೋಚನೆ ಬಂದ ಬಹುಪಾಲು ಜನ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಖಿನ್ನತೆಗೆ ಚಿಕಿತ್ಸೆಯೂ ಇದೆ. ಗೆಳೆಯನ ಬಗ್ಗೆ ಅನುಮಾನ ಬಂದರೆ, "ಸಾಯಬೇಕು ಅನ್ನಿಸುತ್ತಿದೆಯೇ?" ಎಂದು ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ನಂಬಿಕೆಯನ್ನು ಅಧ್ಯಯನಗಳು ಸಮರ್ಥಿಸಿಲ್ಲ. ಉತ್ತರ ಬಂದಾಗ ಉಪದೇಶ ಬೇಡ, ಕುಳಿತು ಕೇಳಿಸಿಕೊಂಡರೆ ಸಾಕು.

ಗುಟ್ಟಿನ ವಿಚಾರಕ್ಕೆ ಬರೋಣ. 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯಿದೆಯ 23ನೆಯ ಪ್ರಕರಣದ ಪ್ರಕಾರ ನಿಮ್ಮ ಕಾಯಿಲೆ, ಚಿಕಿತ್ಸೆಯ ವಿವರಗಳನ್ನು ವೈದ್ಯರು ಗೋಪ್ಯವಾಗಿಡಬೇಕು. ಜೀವಕ್ಕೆ ಅಪಾಯವಿದ್ದಾಗ ಅಗತ್ಯವಿದ್ದಷ್ಟನ್ನು ಮಾತ್ರ ಹೇಳಬಹುದು. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 115ನೆಯ ಪ್ರಕರಣ ಭಾವಿಸುತ್ತದೆ. ಇವರನ್ನು ದಂಡಿಸುತ್ತಿದ್ದ ಹಳೆಯ 309ನೆಯ ಕಲಮು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ.

ಪರಿಚಿತರ ಮುಂದೆ ಬಾಯಿ ಬಿಡಲು ಆಗದಿದ್ದರೆ ಅಪರಿಚಿತರಿಗೆ ಹೇಳಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಹೇಗೆ ಆರಂಭಿಸುವುದೆಂದು ತೋಚದಿದ್ದರೆ, "ನನಗೆ ಬದುಕುವುದು ಬೇಡ ಅನ್ನಿಸುತ್ತಿದೆ, ಯಾರಿಗೂ ಹೇಳಿಲ್ಲ" ಎಂದರೆ ಸಾಕು. ಮುಂದಿನದನ್ನು ಅವರೇ ಕೇಳುತ್ತಾರೆ.