ಉಗಿಬಂಡಿ ಓಡಿಸೋದು ಸುಲಭವಲ್ಲ

ನಮ್ಮ ರಾಯಬಾಗ, ಕುಡಚಿ, ಉಗಾರ ಸ್ಟೇಷನ್ನಿಗೆ ಮೊದಲು ಉಗಿಬಂಡಿ ಬರುತ್ತಿತ್ತು. ಅಂಥ ಹಳೆಯ ಎಂಜಿನ್ನುಗಳನ್ನು ಮೈಸೂರಿನ ರೈಲು ಸಂಗ್ರಹಾಲಯದಲ್ಲಿ ನೋಡಬಹುದು. ನಿಲ್ಲಿಸಿ ಇಡೋದು ಬೇರೆ, ಓಡಿಸೋದು ಬೇರೆ. ಯಾಕೆ?

ಎಂಜಿನ್ನಿನ ಜೀವ ಬಾಯ್ಲರ್. ಅದು ಬಾಯಿ ಮುಚ್ಚಿದ ದೊಡ್ಡ ಹಂಡೆ. ಬೆಂಕಿಯ ಬಿಸಿ ಕೊಳವೆಗಳೊಳಗೆ ಹಾಯುತ್ತದೆ. ಸುತ್ತಲಿನ ನೀರು ಕುದಿದು ಉಗಿಯಾಗುತ್ತದೆ. ಉಗಿಯ ಒತ್ತಡದಿಂದ ಗಾಲಿ ತಿರುಗುತ್ತವೆ.

ಮೊದಲ ತೊಂದರೆ ನೀರಿನದು. ಬೋರಿನ ನೀರು ಕಾಸುವ ಪಾತ್ರೆಯ ತಳ ನೋಡಿರಿ. ಬಿಳಿ ಪದರು ಕಟ್ಟಿರುತ್ತದೆ. ಬಾಯ್ಲರಿನಲ್ಲೂ ಹಾಗೇ. ಪದರು ದಪ್ಪಾದರೆ ಬಿಸಿ ನೀರಿಗೆ ತಲುಪದು. ಕಬ್ಬಿಣವೇ ಸುಡುತ್ತದೆ, ಕೊಳವೆ ಸೋರುತ್ತದೆ. ಅದಕ್ಕೇ ಬಾಯ್ಲರನ್ನು ಆಗಾಗ ತೊಳೆಯಬೇಕು.

ಎರಡನೆಯದು ಅಪಾಯ. ನೀರು ಕಡಿಮೆಯಾದರೆ ಒಲೆಯ ಮೇಲಿನ ತಗಡು ಕಾದು ಮೆತ್ತಗಾಗುತ್ತದೆ. ಬಾಯ್ಲರ್ ಸಿಡಿಯಬಹುದು. ಹೀಗಾಗಬಾರದೆಂದು ಅಲ್ಲಿ ಸೀಸದ ಬಿರಡೆ ಇಡುತ್ತಾರೆ. ಅದು ಕರಗಿ ಉಗಿ ನುಗ್ಗಿದರೆ ಎಚ್ಚರಿಕೆ ಸಿಕ್ಕಂತೆ. ಆದರೂ ನೀರಿನ ಮಟ್ಟದ ಮೇಲೆ ಕಣ್ಣು ಇರಲೇಬೇಕು.

ಮೂರನೆಯದು ಬಿಡಿಭಾಗ. ಅವು ಅಂಗಡಿಯಲ್ಲಿ ಸಿಗೋದಿಲ್ಲ. ಎರಕ ಹೊಯ್ದು ಮಾಡಿಸಬೇಕು.

‘ಫೇರಿ ಕ್ವೀನ್’ ಎಂಬ ಎಂಜಿನ್ 1855ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾಯಿತು. ಎಷ್ಟೋ ವರ್ಷ ಸುಮ್ಮನೆ ನಿಂತಿತ್ತು. 1997ರಲ್ಲಿ ಮತ್ತೆ ಓಡಿತು. ಆಮೇಲೆ ಕೆಟ್ಟು ನಿಂತಿತು. ಚೆನ್ನೈನ ಪೆರಂಬೂರಿನಲ್ಲಿ ರಿಪೇರಿಯಾಗಿ 2017ರಲ್ಲಿ ಮತ್ತೆ ಹಳಿಗೆ ಬಂತು.

ಇದನ್ನು ಮಾಡಿದ್ದು ಕೆಲಸ ಬಲ್ಲ ಕೈಗಳು. ಬಲ್ಲವರು ನಿವೃತ್ತರಾಗುವ ಮೊದಲು ಹುಡುಗರು ಕಲಿಯಬೇಕು. ಕಲಿತದ್ದನ್ನು ಬರೆದಿಡಬೇಕು. ಓದು ಬರಹ ಬಂದ ನಾವು ನಮ್ಮ ಊರಿನ ಕಸುಬುಗಳನ್ನೂ ಹೀಗೇ ಉಳಿಸಬಹುದಲ್ಲವೇ?