ನಾಲ್ಕೂ ದಿಕ್ಕಿನಿಂದ ದೇವರಿಗೊಂದು ತಕರಾರು

ಕೊಟ್ಟಿಗೆಹಾರದಲ್ಲಿ ಬಸ್ಸಿಳಿದವರೆಲ್ಲ ಮೊದಲು ನೀರುದೋಸೆ ಹೋಟೆಲಿನ ಕಡೆ ಓಡುತ್ತಾರೆ. ಓಡಿ, ಬೇಡ ಅನ್ನುವವನಲ್ಲ ನಾನು. ಆದರೆ ದೋಸೆ ಬರುವಷ್ಟರಲ್ಲಿ ಒಂದು ಸಲ ರಸ್ತೆಗೆ ಬಂದು ಸುತ್ತ ತಿರುಗಿ ನೋಡಿ. ಪಶ್ಚಿಮಕ್ಕೆ ಚಾರ್ಮಾಡಿ ಘಾಟಿ ಇಳಿದು ಬೆಳ್ತಂಗಡಿಯ ಆಚೆ ಹೋದರೆ ಪುತ್ತೂರು, ಬೊಳುವಾರು ಮಹಮದ್ ಕುಂಞಿಯವರ ಊರು. ಕಡಲಿನ ತನಕ ಹೋದರೆ ಮಂಗಳೂರು, ಅದರಾಚೆ ಕಾಸರಗೋಡು, ಸಾರಾ ಅಬೂಬಕ್ಕರ್ ಅವರ ಚಂದ್ರಗಿರಿ ಹೊಳೆ. ಪೂರ್ವಕ್ಕೆ ಮೂಡಿಗೆರೆ, ಬೇಲೂರು ದಾಟಿದರೆ ಹಾಸನ, ಅಲ್ಲಿ ಬಾನು ಮುಷ್ತಾಕ್. ಉತ್ತರಕ್ಕೆ ಕೊಪ್ಪ, ತೀರ್ಥಹಳ್ಳಿ ಹಾದು ಹೋದರೆ ಸಾಗರ, ನಾ. ಡಿಸೋಜರ ಶರಾವತಿ ಸೀಮೆ. ನಮ್ಮದೇ ಚಿಕ್ಕಮಗಳೂರು ಜಿಲ್ಲೆಯ ಇನ್ನೊಂದು ಅಂಚಿನಲ್ಲಿ ತರೀಕೆರೆ, ಅಲ್ಲಿಂದ ಬಂದವರು ರಹಮತ್ ತರೀಕೆರೆ.

ಈ ಹೆಸರುಗಳನ್ನು ಭೂಪಟದ ಮೇಲಿಟ್ಟು ನೋಡಿದಾಗ ನನಗೆ ಮೈ ಜುಮ್ಮೆಂದಿತು. ನಾವು ಕಾಫಿ ಸೀಮೆಯವರು ಚಕ್ರದ ಗುಂಬದಲ್ಲಿ ಕೂತಿದ್ದೇವೆ, ಅರೆಕಾಲುಗಳೆಲ್ಲ ಸುತ್ತ ಹರಡಿವೆ, ನಮಗೆ ಗೊತ್ತೇ ಇಲ್ಲ! ಈ ಅಲ್ಪಸಂಖ್ಯಾತ ಲೇಖಕರಿಗೆ ಮನೆಯೊಳಗೆ ಬ್ಯಾರಿ, ಮಲಯಾಳ, ಉರ್ದು, ಕೊಂಕಣಿ; ಬರೆಯಲು ಕೂತರೆ ಕನ್ನಡ. ಇವರಲ್ಲಿ ಕತೆ, ಕಾದಂಬರಿ ಬರೆದ ನಾಲ್ವರೂ ಒಂದಲ್ಲ ಒಂದು ಪುಟದಲ್ಲಿ ತಲೆಯೆತ್ತಿ ದೇವರನ್ನೇ ಮಾತಿಗೆಳೆದಿದ್ದಾರೆ.

ಮೊದಲು ಸಾರಾ ಅವರಿಂದಲೇ ಶುರುಮಾಡಬೇಕು. 1936ರಲ್ಲಿ ಹುಟ್ಟಿ, ತಮ್ಮ ಸಮುದಾಯದಲ್ಲಿ ಮೆಟ್ರಿಕ್ ತನಕ ಓದಿದ ಮೊದಲ ಹುಡುಗಿಯರಲ್ಲಿ ಒಬ್ಬರಾಗಿ, ಮದುವೆಯಾಗಿ ಮಕ್ಕಳನ್ನು ಬೆಳೆಸಿ, ನಡುವಯಸ್ಸಿನಲ್ಲಿ ಪೆನ್ನು ಹಿಡಿದವರು. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದು 1984ರಲ್ಲಿ ಪುಸ್ತಕವಾದ ‘ಚಂದ್ರಗಿರಿಯ ತೀರದಲ್ಲಿ’ ಅವರ ಮೊದಲ ಕಾದಂಬರಿ. ತೆಳ್ಳಗಿನ ಪುಸ್ತಕ; ಒಂದು ಮಳೆಗಾಲದ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಮುಗಿದ ಮೇಲೆ ರಾತ್ರಿ ನಿದ್ದೆ ಬರುವುದಿಲ್ಲ, ಅದು ಬೇರೆ ಮಾತು.

ನಾದಿರಾ ಎಂಬ ಹುಡುಗಿ. ಗಂಡ ರಶೀದ್ ಒಳ್ಳೆಯವನು, ಕೂಸೂ ಇದೆ. ಅಪ್ಪ ಮಹಮ್ಮದ್ ಖಾನನಿಗೂ ಅಳಿಯನಿಗೂ ದುಡ್ಡಿನ ವಿಷಯಕ್ಕೆ ಕೆಡುತ್ತದೆ. ಅಪ್ಪನ ಹಟಕ್ಕೆ ತಲಾಖ್ ಆಗಿಹೋಗುತ್ತದೆ. ಕಾಲ ಸರಿದ ಮೇಲೆ ಎಲ್ಲರಿಗೂ ಬುದ್ಧಿ ಬರುತ್ತದೆ, ಗಂಡ ಹೆಂಡತಿ ಮತ್ತೆ ಒಂದಾಗಬೇಕು ಅನ್ನುತ್ತಾರೆ. ಆಗ ನಿಯಮ ಎದ್ದು ನಿಲ್ಲುತ್ತದೆ: ಇವಳು ಇನ್ನೊಬ್ಬನನ್ನು ಮದುವೆಯಾಗಿ, ಒಂದು ರಾತ್ರಿ ಅವನ ಜೊತೆಗಿದ್ದು, ಅವನಿಂದ ತಲಾಖ್ ಪಡೆದರೆ ಮಾತ್ರ ತನ್ನ ಗಂಡನಿಗೆ ಮರಳಿ ಸಿಗುತ್ತಾಳೆ. ಆ ಮದುವೆಯೂ ನಡೆಯುತ್ತದೆ. ಆ ರಾತ್ರಿ ಅವಳು ಹೋಗುವುದು ಎಲ್ಲಿಗೆ? ಮಸೀದಿಯ ಕೊಳಕ್ಕೆ. ಅಲ್ಲಿಗೆ ಅವಳ ಕತೆ ಮುಗಿಯುತ್ತದೆ.

ಹೊಳೆ ಪಕ್ಕದಲ್ಲೇ ಹರಿಯುತ್ತಿದೆ, ಕಾದಂಬರಿಯ ಹೆಸರೇ ಹೊಳೆಯದು. ಸಾಯಲು ಹೊಳೆ ಸಾಲದೇ? ಸಾಲದು! ಗಂಡಸರು ದೇವರ ಮುಂದೆ ನಿಲ್ಲುವ ಮೊದಲು ಕೈಕಾಲು ಮುಖ ತೊಳೆಯುವ ನೀರಿಗೇ ಸಾರಾ ತಮ್ಮ ನಾಯಕಿಯನ್ನು ಕಳಿಸುತ್ತಾರೆ. ಬೆಳಗಿನ ನಮಾಜಿಗೆ ಬಂದವನು ಆ ನೀರಿಗೆ ಕೈ ಹಾಕಬೇಕಲ್ಲ, ಅಲ್ಲಿ ಏನಿದೆ ಎಂದು ನೋಡಬೇಕಲ್ಲ! ನಾದಿರಾ ಕೊನೆಯ ತನಕ ಭಕ್ತೆ. ದೇವರಿಲ್ಲ ಎಂದು ಅವಳು ಎಲ್ಲೂ ಅನ್ನುವುದಿಲ್ಲ. ನ್ಯಾಯ ಕೇಳುವವರು ಕಚೇರಿ ಬಾಗಿಲಿಗೆ ಹೋಗುವ ಹಾಗೆ ಅವಳು ನೇರ ದೇವರ ಮನೆಯಂಗಳಕ್ಕೇ ಹೋಗುತ್ತಾಳೆ.

ಇಲ್ಲಿ ನಮ್ಮ ಸೀಮೆಯ ಒಂದು ವಿಷಯ ನೆನಪಾಗದೆ ಇರದು. ದೊಡ್ಡ ಎಸ್ಟೇಟಿನ ಲೈನ್ ಮನೆಯಲ್ಲಿ ಇದ್ದವರನ್ನು ಕೇಳಿ ನೋಡಿ. ಧಣಿ ಬೆಂಗಳೂರಿನಲ್ಲೋ ಇನ್ನೆಲ್ಲೋ ಇರುತ್ತಾರೆ, ವರ್ಷಕ್ಕೊಮ್ಮೆ ಜೀಪಿನಲ್ಲಿ ಹಾದುಹೋದರೆ ಹೆಚ್ಚು. ಹಾಜರಿ ಹಾಕುವವನು ರೈಟರು, ಕೂಗಾಡುವವನು ಮೇಸ್ತ್ರಿ. ಹಣ್ಣು ಅಳೆಯುವಾಗ ಕಡಿಮೆ ಬರೆದುಕೊಂಡರೂ ‘ಧಣಿಯ ಆರ್ಡರು’ ಎಂದೇ ಹೇಳುತ್ತಾರೆ. ಧಣಿ ನಿಜಕ್ಕೂ ಹಾಗೆ ಹೇಳಿದ್ದರೋ ಇಲ್ಲವೋ, ಯಾರು ಕೇಳಬೇಕು? ಈ ನಾಲ್ವರ ಬರಹಗಳೆಲ್ಲ ಮೇಸ್ತ್ರಿಯನ್ನು ಪಕ್ಕಕ್ಕೆ ಸರಿಸಿ ಬಂಗಲೆಯ ಬಾಗಿಲು ಬಡಿದ ಕೂಲಿಯವರ ಕತೆಗಳು.

ಸೋಜಿಗ ಕೇಳಿ: ದೂರದ ಕೈರೋದಲ್ಲಿ ನಗೀಬ್ ಮಹಫೂಜ್ 1959ರಲ್ಲಿ ‘ಅಲ್ ಅಹ್ರಾಮ್’ ಪತ್ರಿಕೆಯಲ್ಲಿ ಒಂದು ಧಾರಾವಾಹಿ ಬರೆದರು. ಅದರಲ್ಲಿ ಗಬಲಾವಿ ಎಂಬ ಮುದಿ ಯಜಮಾನ ಎತ್ತರದ ಗೋಡೆಯ ಹಿಂದಿನ ದೊಡ್ಡ ಮನೆಯಲ್ಲಿದ್ದಾನೆ, ಯಾರಿಗೂ ಕಾಣುವುದಿಲ್ಲ. ಅವನು ಬಿಟ್ಟ ವಕ್ಫ್ ಆಸ್ತಿಯನ್ನು ಮೇಲ್ವಿಚಾರಕ ಉಣ್ಣುತ್ತಿದ್ದಾನೆ, ಓಣಿಯ ಬಡವರು ಹಸಿದಿದ್ದಾರೆ. ಈ ಕಾದಂಬರಿ ಈಜಿಪ್ಟಿನಲ್ಲಿ ದಶಕಗಟ್ಟಲೆ ಪುಸ್ತಕವಾಗಿ ಬರಲಿಲ್ಲ. 1994ರಲ್ಲಿ ಒಬ್ಬ ಆ ವೃದ್ಧ ಲೇಖಕರ ಕುತ್ತಿಗೆಗೆ ಚೂರಿ ಹಾಕಿದ. ಅದೇ ಮೇಲ್ವಿಚಾರಕ, ಅದೇ ವಕ್ಫ್, ಹಾಸನದ ಒಂದು ಮೊಹಲ್ಲಾದಲ್ಲಿ ಎದುರಾದರೆ ಹೇಗಿರುತ್ತದೆ?

ಅದೇ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’. ಕಾದಂಬರಿಯಲ್ಲ, ಕತೆ, ಆದರೂ ಇದನ್ನು ಬಿಟ್ಟು ಮುಂದೆ ಹೋಗಲಾರೆ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಆಶ್ರಫ್, ಜೀವನಾಂಶಕ್ಕಾಗಿ ಮಸೀದಿಯ ಮೇಲ್ವಿಚಾರಕನಾದ ಮುತವಲ್ಲಿಗೆ ಅರ್ಜಿ ಕೊಟ್ಟು ಕೊಟ್ಟು ಸೋತು, ಕಾಯಿಲೆಯ ಕೂಸನ್ನು ಎತ್ತಿಕೊಂಡು ಮಸೀದಿಯಲ್ಲೇ ಕೂತುಬಿಡುತ್ತಾಳೆ. ಅವಳ ಕೈಯಲ್ಲಿರುವ ಆಯುಧ ಯಾವುದು ಗೊತ್ತೇ? ಧರ್ಮವೇ! ಓದಿದ ಹೆಂಗಸೊಬ್ಬಳು ಅವಳಿಗೆ ಹೇಳಿಕೊಟ್ಟಿದ್ದಾಳೆ: ಗ್ರಂಥದಲ್ಲಿ ಹೆಣ್ಣಿಗೆ ಇಂತಿಂಥ ಹಕ್ಕಿದೆ, ಕೊಡದವನು ತಪ್ಪಿತಸ್ಥ. ವಕೀಲಿಕೆ ಮಾಡಿದ ಲೇಖಕಿ ಬರೆದದ್ದು ಅನ್ನುವುದು ಸಾಲುಸಾಲಿಗೆ ಗೊತ್ತಾಗುತ್ತದೆ. ಕಾನೂನಿನ ಪುಸ್ತಕ ತೆರೆದು, ಕಾನೂನು ತನ್ನದೆಂದು ಬೀಗುವವನ ಮುಖಕ್ಕೆ ಹಿಡಿಯುವ ಕ್ರಮ ಅದು. ಕೂಸು ಉಳಿಯುವುದಿಲ್ಲ. ಮುತವಲ್ಲಿ ಬೀದಿಯಲ್ಲಿ ನಡೆದರೆ ಹೆಂಗಸರ ಶಾಪ ಸುರಿಯುತ್ತದೆ. ಕೊನೆಗೆ ಅವನ ಸ್ವಂತ ಹೆಂಡತಿಯೇ, ಹೆತ್ತು ಹೆತ್ತು ಬೇಸತ್ತವಳು, ಅವನ ಅಪ್ಪಣೆ ಕೇಳದೆ ಆಪರೇಷನ್ನಿಗೆ ಹೊರಡುತ್ತಾಳೆ! ಗಿರೀಶ್ ಕಾಸರವಳ್ಳಿ ಇದನ್ನು 2004ರಲ್ಲಿ ‘ಹಸೀನಾ’ ಎಂದು ಸಿನಿಮಾ ಮಾಡಿದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಇನ್ನು ‘ಒಮ್ಮೆ ಹೆಣ್ಣಾಗು ಪ್ರಭುವೇ’ ಎಂಬ ಕತೆಯಲ್ಲಿ ಮೇಸ್ತ್ರಿಯೂ ಇಲ್ಲ, ಮುತವಲ್ಲಿಯೂ ಇಲ್ಲ. ಒಬ್ಬ ಹೆಂಡತಿ, ಎದುರಿಗೆ ಸೃಷ್ಟಿಕರ್ತ, ಅಷ್ಟೇ. ಲೋಕ ಕಟ್ಟಿದವನು ಒಂದು ಜನ್ಮ ಹೆಣ್ಣಾಗಿ ಬಾಳಿ ನೋಡಲಿ ಎಂಬ ಬೇಡಿಕೆ. ಅಮೆರಿಕದ ಕಪ್ಪು ಲೇಖಕಿ ಆಲಿಸ್ ವಾಕರ್ ಅವರ ‘ದಿ ಕಲರ್ ಪರ್ಪಲ್’ (1982) ಓದಿದವರಿಗೆ ಅದರ ಸೀಲಿ ನೆನಪಾಗುತ್ತಾಳೆ. ಅವಳೂ ದೇವರಿಗೇ ಕಾಗದ ಬರೆಯುತ್ತಾಳೆ, ಒಂದು ಹಂತದಲ್ಲಿ ಬರೆಯುವುದನ್ನು ನಿಲ್ಲಿಸುತ್ತಾಳೆ. ಬಾನು ಅವರ ಹೆಣ್ಣು ಮುನಿಸಿಕೊಂಡು ಸುಮ್ಮನಾಗುವವಳಲ್ಲ, ಉತ್ತರ ಬರುವ ತನಕ ಕೇಳುವವಳು. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ, ಬಾನು ಅವರ ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ನಲ್ಲಿ ಈ ಕತೆಯೂ ಇದೆ. ಅನುವಾದಿಸಿದ ದೀಪಾ ಭಾಸ್ತಿ ಮಡಿಕೇರಿಯವರು. ಅಂದರೆ ಮತ್ತೊಂದು ಕಾಫಿ ಸೀಮೆ!

ಡಿಸೋಜರದು ಬೇರೆಯೇ ದಾರಿ. ಶರಾವತಿ ಯೋಜನೆಯ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತ, ಲಿಂಗನಮಕ್ಕಿಯ ಹಿನ್ನೀರು ಊರುಗಳನ್ನು ನುಂಗುವುದನ್ನು ಕಣ್ಣಾರೆ ಕಂಡವರು. ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಕಾದಂಬರಿಯಲ್ಲಿ ಘಟ್ಟ ಹತ್ತಿ ಬಂದ ಕ್ರೈಸ್ತ ಕುಟುಂಬಗಳ ಬದುಕಿದೆ. ಇಗರ್ಜಿ ಬೇಕು, ಪಾದ್ರಿ ಬೇಕು ಎಂದು ಹಂಬಲಿಸಿದವರಿಗೆ ಅವು ಸಿಕ್ಕ ಮೇಲೆ ಏನಾಗುತ್ತದೆ ಎಂಬ ಕತೆ. ನಮ್ಮಲ್ಲೂ ಕರಾವಳಿಯಿಂದ ಕೊಂಕಣಿ ಕ್ರೈಸ್ತರು ತೋಟದ ಕೆಲಸಕ್ಕೆ, ಮೇಸ್ತ್ರಿ ಕೆಲಸಕ್ಕೆ, ವ್ಯಾಪಾರಕ್ಕೆ ಹೀಗೇ ಬಂದರು; ಚಿಕ್ಕಮಗಳೂರು ಪ್ರತ್ಯೇಕ ಧರ್ಮಪ್ರಾಂತ್ಯವಾದದ್ದು 1963ರಲ್ಲಿ. ಆದ್ದರಿಂದ ಇದನ್ನು ಇಲ್ಲಿ ಕೂತು ಓದಿದರೆ ಪಕ್ಕದ ಮನೆಯ ಕತೆ ಕೇಳಿದ ಹಾಗೆಯೇ. ಆದರೆ ನನ್ನನ್ನು ಹೆಚ್ಚು ದಂಗುಬಡಿಸಿದ್ದು ‘ದ್ವೀಪ’. ಸೀತಾಪರ್ವತ ಎಂಬ ಗುಡ್ಡದ ಸುತ್ತ ನೀರು ಏರುತ್ತಿದೆ, ಮೇಲೆ ಒಂದು ಬ್ರಾಹ್ಮಣ ಕುಟುಂಬ, ಗಣಪಯ್ಯ, ನಾಗವೇಣಿ. ಬರೆದವರು ಭಾನುವಾರ ಪೂಜೆಗೆ ಇಗರ್ಜಿಗೆ ಹೋಗುವ ಸಮುದಾಯದವರು. ಬರೆದದ್ದು ಇನ್ನೊಬ್ಬರ ದೇವರ ಮನೆಯ ದೀಪದ ಬಗ್ಗೆ, ನೀರು ಅಲ್ಲಿಗೂ ಬರುವ ಬಗ್ಗೆ. ತನ್ನ ದೇವರನ್ನು ಪ್ರಶ್ನಿಸುವುದಕ್ಕೆ ಎದೆ ಬೇಕು. ನೆರೆಮನೆಯ ದೇವರು ಕಷ್ಟಕ್ಕೆ ಸಿಕ್ಕಾಗ ಅಷ್ಟು ಮರ್ಯಾದೆಯಿಂದ ಬರೆಯುವುದಕ್ಕೆ ಇನ್ನೂ ದೊಡ್ಡದೇನೋ ಬೇಕು. 2014ರ ಜನವರಿಯಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 2025ರ ಜನವರಿಯಲ್ಲಿ ತೀರಿಕೊಂಡರು.

ಬೊಳುವಾರು? ಅವರದು ನಗುತ್ತ ಕೇಳುವ ಜಾತಿ. ಮುತ್ತುಪ್ಪಾಡಿ ಎಂಬ ಊರನ್ನೇ ಕಟ್ಟಿ, ಅಲ್ಲಿ ಮುಸ್ಲಿಮರನ್ನೂ ಹಿಂದೂಗಳನ್ನೂ ಒಂದೇ ಜಗಲಿಯಲ್ಲಿ ಕೂರಿಸಿದವರು. ದೇಶವಿಭಜನೆಯ ಕಾಲದಿಂದ ಹೊರಡುವ ಅವರ ಭಾರೀ ಕಾದಂಬರಿ ‘ಸ್ವಾತಂತ್ರ್ಯದ ಓಟ’ಕ್ಕೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಎದೆಗಾರಿಕೆ ಎಂದರೆ ‘ಓದಿರಿ’. ಪ್ರವಾದಿ ಮುಹಮ್ಮದರ ಬದುಕಿನ ಮೇಲೆ ಕನ್ನಡದಲ್ಲಿ ಕಾದಂಬರಿ! ಅವರ ಚಿತ್ರ ಬರೆಯುವುದನ್ನೇ ಒಪ್ಪದ ಪರಂಪರೆಯೊಳಗಿದ್ದುಕೊಂಡು, ಕಲ್ಪನೆಯೇ ಬಂಡವಾಳವಾದ ಪ್ರಕಾರಕ್ಕೆ ಕೈಹಾಕುವುದೆಂದರೆ ಹಗ್ಗದ ಮೇಲಿನ ನಡಿಗೆ. ಅವರು ಬೀಳಲಿಲ್ಲ. ಅನಾಥ ಬಾಲಕನನ್ನು, ವ್ಯಾಪಾರಿಯನ್ನು, ಗಂಡನನ್ನು, ಮನುಷ್ಯರ ನಡುವಿನ ಮನುಷ್ಯನನ್ನು ತೋರಿಸಿದರು.

ಈ ಜಗಳ ಇವರೇ ಶುರುಮಾಡಿದ್ದೂ ಅಲ್ಲ. ಇಕ್ಬಾಲ್ ‘ಶಿಕ್ವಾ’ ಎಂಬ ಉರ್ದು ಕವಿತೆಯಲ್ಲಿ ದೇವರ ಮೇಲೆ ದೂರು ಹೇಳಿದರು, ಗಲಾಟೆಯಾಯಿತು, 1913ರಲ್ಲಿ ‘ಜವಾಬ್-ಎ-ಶಿಕ್ವಾ’ ಬರೆದು ದೇವರ ಕೈಯಲ್ಲೇ ಉತ್ತರ ಹೇಳಿಸಿದರು. ಬೈಬಲ್ಲಿನ ಯೋಬ ಬೂದಿಯಲ್ಲಿ ಕೂತು ವಾದ ಮಾಡಿದ. ಕನ್ನಡದ ದಾಸರಿಗೆ ನಿಂದಾಸ್ತುತಿ ಎಂದರೆ ಊಟಕ್ಕೆ ಉಪ್ಪಿನಕಾಯಿಯಷ್ಟೇ ಸಹಜ. ಮೂರು ಕಡೆಯ ಈ ನೀರು ನಮ್ಮ ಘಟ್ಟದ ಸುತ್ತ ಒಂದಾಗಿ ಹರಿಯಿತು. 1979ರ ಬಂಡಾಯ ಸಾಹಿತ್ಯ ಸಂಘಟನೆಯೂ ‘ಲಂಕೇಶ್ ಪತ್ರಿಕೆ’ಯೂ ಅದಕ್ಕೆ ಕಾಲುವೆ ತೋಡಿಕೊಟ್ಟವು, ಬಾನು ಅವರೂ ಆ ಪತ್ರಿಕೆಯ ವರದಿಗಾರ್ತಿಯಾಗಿದ್ದವರೇ. ಒಂದು ವ್ಯತ್ಯಾಸ ಮಾತ್ರ ನನ್ನನ್ನು ಬಿಡದೆ ಕಾಡುತ್ತದೆ. ಇಕ್ಬಾಲರ ದೇವರು ಉತ್ತರ ಕೊಟ್ಟ. ಸಾರಾ, ಬಾನು ಅವರ ದೇವರು ಬಾಯಿ ಬಿಡುವುದಿಲ್ಲ. ಅವನ ಪರವಾಗಿ ಅಪ್ಪ, ಮುತವಲ್ಲಿ, ಖಾಜಿ ಮೊದಲೇ ಬೇಕಾದಷ್ಟು ಮಾತಾಡಿಬಿಟ್ಟಿದ್ದಾರೆ.

ಹಾಗಾದರೆ ಈ ಚಕ್ರದ ನಡುವಿನ ನಮ್ಮ ಬೆಟ್ಟಗಳಲ್ಲಿ ಏನಿದೆ? ಬಾಬಾಬುಡನ್ ಗಿರಿ ಇದೆ! ಯೆಮನ್ನಿನಿಂದ ಏಳು ಕಾಫಿ ಬೀಜ ತಂದು, ಸುಮಾರು 1670ರಲ್ಲಿ ಇಲ್ಲಿ ಬಿತ್ತಿದರೆಂದು ಜನ ಹೇಳುವ ಸೂಫಿಯ ಹೆಸರಿನ ಬೆಟ್ಟ. ಒಂದೇ ಗುಹೆ, ಕೆಲವರಿಗೆ ದತ್ತಪೀಠ, ಕೆಲವರಿಗೆ ದರ್ಗಾ, ಎಷ್ಟೋ ಜನರಿಗೆ ಎರಡೂ. ಯಾರದೆಂಬ ವ್ಯಾಜ್ಯ ದಶಕಗಳ ಕಾಲ ಕೋರ್ಟು ಸುತ್ತಿದೆ. ದತ್ತಜಯಂತಿ ಬಂದರೆ ಚಿಕ್ಕಮಗಳೂರಿನ ತುಂಬ ಪೊಲೀಸರು. ರಹಮತ್ ತರೀಕೆರೆ ಕಾದಂಬರಿಕಾರರಲ್ಲ, ಆದರೆ ‘ಕರ್ನಾಟಕದ ಸೂಫಿಗಳು’ (1998) ಓದಿದವರಿಗೆ ಇಂಥ ಗುಹೆಗಳು ನಾಡಿನ ತುಂಬ ಇವೆ ಎಂದು ತಿಳಿಯುತ್ತದೆ. ಕಳಸದ ಕಡೆ ತಿರುಗಿದರೆ ಅದೂ ಹಾಗೇ: ಸೃಷ್ಟಿಕರ್ತನನ್ನೇ ಒಪ್ಪದ ಜೈನ ಧರ್ಮದ ಭೈರರಸರು ಆಳಿದ ಊರಿನಲ್ಲಿ ಕಳಸೇಶ್ವರನ ಗುಡಿ ಇಂದಿಗೂ ಗಟ್ಟಿಯಾಗಿ ನಿಂತಿದೆ.

ಮೂಡಿಗೆರೆಯ ತೇಜಸ್ವಿ ಅಲ್ಪಸಂಖ್ಯಾತರಲ್ಲ, ಸರಿ. ಆದರೆ ‘ಚಿದಂಬರ ರಹಸ್ಯ’ದಲ್ಲಿ ರಫಿ ಮತ್ತು ಜಯಂತಿಯ ಪ್ರೀತಿಯನ್ನು ಮಲೆನಾಡಿನ ಊರೊಂದರ ನಡುವೆ ಇಟ್ಟು ಎರಡೂ ಕಡೆಯ ಧರ್ಮರಕ್ಷಕರನ್ನು ಕುಣಿಸಿದವರು ಅವರೇ. ಅವರಾದ ಮೇಲೆ ಈ ಗುಡ್ಡಗಳಿಂದ ನನಗೆ ಇನ್ನೊಂದು ಕಾದಂಬರಿ ಬೇಕಾಗಿದೆ. ಕೊಯ್ಲಿನ ಕಾಲಕ್ಕೆ ಬಂದು ಲೈನ್ ಮನೆಯಲ್ಲಿ ಉಳಿದುಬಿಟ್ಟ ಮನೆತನದ ಹುಡುಗಿಯೋ, ಘಾಟಿ ಹತ್ತಿ ಬಂದು ಅಂಗಡಿಯಿಟ್ಟ ಬ್ಯಾರಿಗಳ ಮೊಮ್ಮಗಳೋ, ಕಳಸದ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತ ಬರೆಯಬೇಕಾದ ಕಾದಂಬರಿ. ಬಾಬಾ ತಂದದ್ದು ಏಳೇ ಬೀಜ, ಅದರಿಂದ ಇಷ್ಟು ತೋಟವಾಯಿತು, ಅದರಲ್ಲಿ ನಮ್ಮಜ್ಜಿಯ ಹೆಸರಿಗೆ ಒಂದು ಗಿಡವೂ ಯಾಕೆ ಬರಲಿಲ್ಲ ಎಂದು ಅವಳು ಮೊದಲು ಕೇಳುವುದು ಧಣಿಯನ್ನೋ, ದೇವರನ್ನೋ?